ಭಾವನ ಎಂಜಿನ್ನಿಗೊಂದು ಟರ್ಬೊ

ಇನ್ನೊಂದು ತುದಿ ಹಿಡಿದುಕೊಳ್ಳಿ ಎಂದು ಹೆಂಡತಿ ಎರಡನೆಯ ಸಲ ಹೇಳಿದಾಗ ಅವನ ಕೈಯಲ್ಲಿದ್ದದ್ದು ದುಪ್ಪಟಿಯ ತುದಿಯಲ್ಲ, ನಡುಭಾಗ. ಒಣಗಿದ ದುಪ್ಪಟಿ ಮಡಚುವುದು ಇಬ್ಬರ ಕೆಲಸ. ಎರಡೆರಡು ತುದಿ ಹಿಡಿದು ಹಿಂದೆ ಸರಿಯಬೇಕು, ಒಮ್ಮೆ ಜಾಡಿಸಬೇಕು, ಆಮೇಲೆ ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ಗಂಡ ಹೆಂಡತಿ ಇಷ್ಟು ಹತ್ತಿರ ಬರುತ್ತಿದ್ದದ್ದು ಶನಿವಾರ ಬೆಳಿಗ್ಗೆ ಮಾತ್ರ, ಅದೂ ದುಪ್ಪಟಿಯ ದೆಸೆಯಿಂದ. ಅವನು ಬಂದ, ತುದಿ ಕೊಟ್ಟ, ಹಿಂದೆ ಸರಿದ. ಕಣ್ಣು ಮಾತ್ರ ಊಟದ ಮೇಜಿನ ಮೇಲೆ ಹರಡಿದ್ದ ಎರಡು ಕಾಗದಗಳನ್ನು ಬಿಟ್ಟು ಬರಲಿಲ್ಲ. ಎರಡು ಕಾಗದದಲ್ಲಿ ಎರಡು ಟರ್ಬೊ. ನೋಡಲು ಎರಡೂ ಬೆನ್ನಿಗೆ ಬೆನ್ನು ಅಂಟಿಸಿದ ಬಸವನಹುಳುಗಳ ಹಾಗೆ. ಎಂಜಿನ್ನು ಉಗುಳುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಹಸಿವಿಲ್ಲದ ಮಗುವಿಗೆ ತಾಯಿ ತುತ್ತು ತುರುಕಿದ ಹಾಗೆ, ಆದರೆ ನಿಮಿಷಕ್ಕೆ ಲಕ್ಷ ಸಲ. ಸಣ್ಣ ಟರ್ಬೊ ಬೇಗ ಏಳುತ್ತದೆ, ಬೇಗ ಏದುಸಿರು ಬಿಡುತ್ತದೆ. ದೊಡ್ಡದು ತಡವಾಗಿ ಏಳುತ್ತದೆ, ಎದ್ದಮೇಲೆ ಯಾರ ಮಾತನ್ನೂ ಕೇಳುವುದಿಲ್ಲ. ಸಣ್ಣದರಲ್ಲಿ ಅವನಿಗೆ ತಾನು ಕಾಣುತ್ತಿದ್ದ, ದೊಡ್ಡದರಲ್ಲಿ ಕಚೇರಿಯ ಸಾಹೇಬರು. ಒಂಬತ್ತು ತಿಂಗಳಿಂದ ಇಬ್ಬರಲ್ಲಿ ಒಬ್ಬರನ್ನು ಆರಿಸಲಾರದೆ ಅವನು ತೂಕ ಕಳೆದುಕೊಂಡಿದ್ದ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, ಈಗ ಚೆನ್ನಾಗಿ ಕಾಣುತ್ತಾ, ಈಗ ಕಾಣುತ್ತಾ, ಒಂದನೇದಾ ಎರಡನೇದಾ ಎಂದು ಕೇಳುವುದೇ ಅವಳ ಕಸುಬು. ಮಡಚಿದ ದುಪ್ಪಟಿಯನ್ನು ಮೇಜಿನ ಮೇಲೆ ಇಡುತ್ತ, ಎರಡೂ ಕಾಗದಗಳನ್ನು ಅದೇ ದನಿಯಲ್ಲಿ ಅವನ ಮುಖದ ಮುಂದೆ ಹಿಡಿದಳು.

"ಒಂದನೇದಾ, ಎರಡನೇದಾ?"

ಅಷ್ಟು ಸುಲಭವಲ್ಲ ಎಂದು ಅವನು ವಿವರಿಸತೊಡಗಿದ. ದೊಡ್ಡದನ್ನು ಹಾಕಿದರೆ ಗಾಳಿ ಕಾಯುತ್ತದೆ, ಅದನ್ನು ತಣಿಸಲು ಮುಂದುಗಡೆ ಒಂದು ಇಂಟರ್‌ಕೂಲರ್ ಬೇಕು. ಗಾಳಿ ಹೆಚ್ಚಿದರೆ ಪೆಟ್ರೋಲು ಹೆಚ್ಚಬೇಕು, ಅದಕ್ಕೆ ದೊಡ್ಡ ಇಂಜೆಕ್ಟರುಗಳು, ಇಂಜೆಕ್ಟರುಗಳಿಗೆ ಸಾಲುವಷ್ಟು ದೊಡ್ಡ ಪಂಪು. ಒಳಗೆ ಸಿಡಿತ ಜೋರಾದರೆ ಹಳೆಯ ಪಿಸ್ಟನ್ನು ತಡೆಯುವುದಿಲ್ಲ, ಗಟ್ಟಿ ಪಿಸ್ಟನ್ನು ಬೇಕು. ಗಟ್ಟಿ ಪಿಸ್ಟನ್ನು ಒಂದು ಅಳತೆ ದೊಡ್ಡದೇ ಸಿಗುವುದು, ಆದ್ದರಿಂದ ಪಿಸ್ಟನ್ನು ಓಡಾಡುವ ಎಂಜಿನ್ನಿನ ಕೊಳವೆಯನ್ನು ತೋಡಿಸಿ ಅಗಲ ಮಾಡಬೇಕು. ಇಷ್ಟೆಲ್ಲ ಶಕ್ತಿ ಬಂದಮೇಲೆ ಕ್ಲಚ್ಚು ಜಾರುತ್ತದೆ, ಕ್ಲಚ್ಚು ಬದಲಾಯಿಸಿದ ಮೇಲೆ ನಿಲ್ಲಿಸುವುದಕ್ಕೆ ದೊಡ್ಡ ಬ್ರೇಕು. ಅವಳು ಎರಡನೆಯ ದುಪ್ಪಟಿ ಎತ್ತಿಕೊಂಡು, ನಿಮ್ಮ ಆಫೀಸಿನ ದಾರಿಯಲ್ಲಿ ಹನ್ನೊಂದು ಉಬ್ಬು ಹಾಕಿದ್ದಾರೆ, ಎಣಿಸಿದ್ದೀನಿ ಎಂದಳು. ಬೈದದ್ದಲ್ಲ, ಅಳತೆ ಹೇಳಿದ್ದು. ಆ ದಾರಿಯಲ್ಲಿ ಅವನು ಬಸ್ಸಿನಲ್ಲಿ ಹೋಗಿಬರುತ್ತಿದ್ದನೆನ್ನುವುದನ್ನು ಹೇಳದೆ ಬಿಟ್ಟಳು, ಮರ್ಯಾದಸ್ಥೆ.

ಕಾರು ಹಿತ್ತಲ ಚಪ್ಪರದ ಕೆಳಗೆ ಇತ್ತು, ಇಟ್ಟಿಗೆಗಳ ಮೇಲೆ. ಹದಿನಾಲ್ಕು ವರ್ಷದ ಬೂದು ಬಣ್ಣದ ಸಣ್ಣ ಕಾರು. ಮುಂದಿನ ಮುಚ್ಚಳ ತೆಗೆದರೆ ಹಲ್ಲು ಕಿತ್ತ ಬಾಯಿಯ ಹಾಗೆ ಖಾಲಿ. ಸುತ್ತ ಗೋಡೆಗೆ ಒರಗಿಸಿ ಪೆಟ್ಟಿಗೆಗಳು. ಅಗತ್ಯಕ್ಕಿಂತ ದೊಡ್ಡ ಪಂಪು, ಇರಲಿ ಅಂತ. ರೇಸಿನವರು ಹಾಕುವ ಕ್ಲಚ್ಚು, ಇರಲಿ ಅಂತ. ಬೆಳ್ಳಿಯ ಹೊಳಪಿನ ಇಂಟರ್‌ಕೂಲರ್ ಅಟ್ಟದ ಏಣಿಗೆ ಒರಗಿ ನಿಂತಿತ್ತು, ಮಳೆ ಬಂದ ದಿನ ಹೆಂಡತಿ ಅದರ ಮೇಲೆ ಕಾಲೊರಸು ಒಣಗಿಸಿದ್ದಳು. ಟರ್ಬೊ ಒಂದು ಬಿಟ್ಟು ಟರ್ಬೊಗೆ ಬೇಕಾದ ಸಮಸ್ತವೂ ಇತ್ತು, ಗಂಡು ಗೊತ್ತಾಗದೆ ಸಿಂಗರಿಸಿ ಕೂತ ಮದುವೆಮನೆಯ ಹಾಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯ ಆಚೆಯಿಂದ ಒಮ್ಮೆ ಹೇಳಿದ್ದರು. ಅವನಿಗೆ ಬಹಳ ದಿನ ನೋವಾಗಿದ್ದು ಆ ಮಾತಿಗಲ್ಲ. ಮುಖ ತೋರಿಸದೆ, ಗೋಡೆಯ ಆಚೆಗೇ ಕೂತು ಹೇಳಿದ್ದಕ್ಕೆ.

ಕಾರು ಅವನದಲ್ಲ, ಭಾವನದು. ಭಾವ ಹೋಗಿ ಎರಡು ವರ್ಷ. ಅವರು ಹೋದ ಆರು ತಿಂಗಳಿಗೆ ಅಕ್ಕ ಬೀಗದ ಕೈ ತಂದು ಅವನ ಅಂಗೈಯಲ್ಲಿಟ್ಟು, ಅವರು ಹ್ಯಾಗೆ ಇಟ್ಟಿದ್ದರೋ ಹಾಗೇ ಓಡಿಸು ಕಣೋ, ನಿಂತರೆ ತುಕ್ಕು ಹಿಡಿಯುತ್ತೆ ಅಂದಿದ್ದಳು. ಭಾವ ಗಡಿಯಾರ ರಿಪೇರಿಯವರು. ಒಂದು ಸ್ಕ್ರೂ ತಿರುಗಿಸುವ ಮೊದಲು ಕೈ ತೊಳೆಯುವ ಜಾತಿಯ ಮನುಷ್ಯ. ಕಾರಿನ ಮುಂದಿನ ಗೂಡಿನಲ್ಲಿ ಒಂದು ಪುಟ್ಟ ಪುಸ್ತಕ ಇತ್ತು, ಯಾವ ದಿನ ಎಣ್ಣೆ ಬದಲಾಯಿಸಿದ್ದು, ಯಾವ ದಿನ ಗಾಳಿ ತುಂಬಿದ್ದು ಎಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ. ಕೊನೆಯ ಹದಿನಾಲ್ಕು ತಿಂಗಳಿನ ಪುಟಗಳಲ್ಲಿ ಇರುವೆಗಳು ಇಲ್ಲ, ಅಕ್ಕನ ದುಂಡು ಅಕ್ಷರ. ಭಾವನ ಕೈಗೆ ನಡುಕ ಬಂದ ಮೇಲೆ ಐವತ್ತಮೂರನೆಯ ವಯಸ್ಸಿನಲ್ಲಿ ಕಾರು ಕಲಿತವಳು ಅವಳು. ಪಕ್ಕದಲ್ಲಿ ಭಾವ ಕೂತು, ಗೇರು ಹಾಕು, ಈಗ ಹಾಕು ಅನ್ನುತ್ತ ಆಸ್ಪತ್ರೆಗೆ ಹೋಗಿಬರುತ್ತಿದ್ದರು. "ಎಣ್ಣೆ ಬದಲಾಯಿಸಿದೆ. ಗೇರು ಈಗ ಚೆನ್ನಾಗಿ ಹಾಕುತ್ತೀಯ ಅಂದರು," ಎಂದು ಒಂದು ಪುಟದಲ್ಲಿತ್ತು. ಅವನು ಅದನ್ನು ಓದಿ, ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿ ಟರ್ಬೊ ಕಾಗದಗಳ ಕೆಳಗೆ ಇಟ್ಟಿದ್ದ. ಕೆಳಗೆ ಇನ್ನೊಂದು ಕಾಗದವೂ ಇತ್ತು. ಡ್ರಾಯರು ಎಳೆದಾಗಲೆಲ್ಲ ಅದು ಹಿಂದಕ್ಕೆ ಸರಿದು ಮೂಲೆ ಸೇರುತ್ತಿತ್ತು. ಅವನೇ ಸರಿಸುತ್ತಿದ್ದ ಎಂದರೂ ತಪ್ಪಿಲ್ಲ.

ಅವತ್ತು ಕಚೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಫೋನು ತೆಗೆದ. ಕಾರು ತಿದ್ದುವವರ ಗುಂಪೊಂದಿತ್ತು ಅದರಲ್ಲಿ, ಇನ್ನೂರು ಚಿಲ್ಲರೆ ಜನ, ಯಾರೂ ಯಾರ ಮುಖವನ್ನೂ ಕಂಡವರಲ್ಲ. ಅಲ್ಲಿ ಅವನಿಗೆ ಗುರುಗಳು ಎಂದು ಹೆಸರು. ಯಾರ ಟರ್ಬೊ ಶಿಳ್ಳೆ ಹೊಡೆದರೂ, ಯಾರ ಪೈಪು ಸೀಳಿದರೂ ಗುರುಗಳೇ ಉತ್ತರ ಹೇಳಬೇಕು. ಹೇಳುತ್ತಿದ್ದ, ಅಂಕಿಗಳ ಸಮೇತ. ಗುರುಗಳ ಕಾರಿನ ಸದ್ದು ಒಮ್ಮೆ ಕೇಳಿಸಿ ಎಂದು ಶಿಷ್ಯರು ಕೇಳಿದಾಗ, ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಸದ್ದು ಮಾಡುವಂತಿಲ್ಲ ಎಂದು ಬರೆದಿದ್ದ. ಅದು ಅವರಿಗೆ ಇನ್ನೂ ದೊಡ್ಡಸ್ತಿಕೆಯಾಗಿ ಕಂಡಿತು. ಏಳು ತಿಂಗಳ ಹಿಂದೆ ಹಬೆ ಎಂಬ ಅಡ್ಡಹೆಸರಿನವನೊಬ್ಬ, ಹಳೆಯ ಎಂಜಿನ್ನು ಸವೆದಿದೆಯೋ ಇಲ್ಲವೋ ಪರೀಕ್ಷೆ ಮಾಡುವುದು ಹೇಗೆ ಗುರುಗಳೇ ಎಂದು ಕೇಳಿದ್ದ. ಪ್ಲಗ್ಗು ಬಿಚ್ಚಿ, ಆ ತೂತಿಗೆ ಒತ್ತಡದ ಮೀಟರು ತಿರುಗಿಸಿ, ಎಂದು ಶುರುಮಾಡಿ ಎಂಟು ಹಂತಗಳನ್ನು ಇದೇ ಬಸ್ಸಿನಲ್ಲಿ ಕೂತು ಬರೆದಿದ್ದ. ಐದನೆಯ ಹಂತಕ್ಕೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು. ಬಸ್ಸು ಉಬ್ಬು ಹತ್ತಿತು ಅಂದುಕೊಂಡ. ಆಮೇಲೆ ಆರನೆಯದನ್ನು ಬರೆದ. ನಲವತ್ತೊಂದು ಜನ ಕೈ ಮುಗಿದರು.

ಅವನ ಕೆಲಸ ನೀರಿನ ಮೀಟರುಗಳ ಪರೀಕ್ಷೆ. ಮನೆಯವರು ನಮ್ಮ ಮೀಟರು ಜೋರು ಓಡುತ್ತೆ ಎಂದು ದೂರು ಕೊಟ್ಟರೆ, ಅದನ್ನು ಬಿಚ್ಚಿ ತಂದು ಬೆಂಚಿನ ಮೇಲೆ ಕೂರಿಸಿ, ಅಳತೆಯ ನೀರು ಹರಿಸಿ, ಮೀಟರು ಸರಿ ಇದೆ ಎಂದು ಬರೆದು ಸಹಿ ಹಾಕಬೇಕು. ಹತ್ತೊಂಬತ್ತು ವರ್ಷದಲ್ಲಿ ಅವನು ತಪ್ಪು ಎಂದು ಬರೆದದ್ದು ಆರು ಸಲ. ಮೀಟರು ಸುಳ್ಳು ಹೇಳುವುದಿಲ್ಲಮ್ಮ, ನಿಮ್ಮ ಮನೆಯ ನಲ್ಲಿ ಸೋರುತ್ತಿರಬಹುದು ನೋಡಿ ಎನ್ನುವ ಮಾತು ಅವನ ಬಾಯಲ್ಲಿ ಪಾಠವಾಗಿತ್ತು. ಅವತ್ತು ಪಕ್ಕದ ಬೆಂಚಿನವನು, ಅವನದೇ ವಯಸ್ಸಿನ ಬೋಳುತಲೆಯವನು, ಬೇರೆ ವಿಭಾಗದಿಂದ ಬಂದು ತಿಂಗಳಾಗಿತ್ತಷ್ಟೇ, ಒಂದು ಮೀಟರು ನಿಧಾನ ಓಡುತ್ತಿದೆ ಎಂದು ಬರೆಯಹೊರಟಿದ್ದ. ಹೋಗಿ ನೋಡಿದರೆ ಆಚೆ ಕಡೆಯ ವಾಲ್ವು ಅರ್ಧ ಮುಚ್ಚಿತ್ತು. ಇವನು ಎಲ್ಲರಿಗೂ ಕೇಳುವ ಹಾಗೆ, ಸ್ವಾಮಿ, ಮೊದಲು ವಾಲ್ವು ಪೂರ್ತಿ ತೆಗೀಬೇಕು, ಬಾಯಿ ಕಟ್ಟಿಹಾಕಿ ಎಷ್ಟು ಊಟ ಮಾಡ್ತೀಯಪ್ಪಾ ಅಂತ ಕೇಳೋಕಾಗುತ್ತಾ ಎಂದ. ಬೆಂಚಿನ ಸಾಲೆಲ್ಲ ನಕ್ಕಿತು. ಬೋಳುತಲೆಯವನು ಕೆಂಪಗಾಗಿ ವಾಲ್ವು ತೆರೆದ. ಆ ನಗು ಮುಗಿಯುವ ಮೊದಲೇ ಇವನು ತನ್ನ ಬೆಂಚಿಗೆ ಮರಳಿ, ಆಗಲೇ ಪೂರ್ತಿ ತೆರೆದಿದ್ದ ತನ್ನ ವಾಲ್ವನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಅಭ್ಯಾಸ ಅಂದುಕೊಂಡ.

ಶನಿವಾರದ ಅರ್ಧ ದಿನದ ಕಚೇರಿ ಮುಗಿದಮೇಲೆ ಮಧ್ಯಾಹ್ನ ಲೇತಿನ ಅಂಗಡಿಗೆ ನಡೆದ. ಬೀದಿಯ ಎರಡೂ ಬದಿಗೆ ಕಬ್ಬಿಣ ಕೊರೆಯುವವರ ಅಂಗಡಿಗಳೇ, ನೆಲವೆಲ್ಲ ಎಣ್ಣೆ ಕುಡಿದು ಕರ್ರಗೆ, ಮೆಟ್ಟಿನ ಅಡಿಯಲ್ಲಿ ಸುರುಳಿ ಸುರುಳಿ ಲೋಹದ ಸಿಪ್ಪೆ. ಎಂಜಿನ್ನಿನ ಬ್ಲಾಕನ್ನು, ಅಂದರೆ ನಾಲ್ಕು ಕೊಳವೆಗಳಿರುವ ಕಬ್ಬಿಣದ ಒಡಲನ್ನು, ಹೇಗೂ ಸವೆದದ್ದು ಎಂದು ಹೇಳಿ ಒಂದು ವಾರದ ಹಿಂದೆ ಅಲ್ಲಿಗೆ ಕೊಟ್ಟಿದ್ದ. ದೊಡ್ಡ ಟರ್ಬೊ, ದೊಡ್ಡ ಪಿಸ್ಟನ್ನು, ಆದ್ದರಿಂದ ತೋಡಿಸುವುದು. ಟರ್ಬೊ ಮಾರುವವರ ಅರ್ಜಿಯಲ್ಲಿ ತೋಡಿದ ಮೇಲಿನ ಅಳತೆಗೆ ಒಂದು ಖಾನೆ, ಬಳಕೆಯ ಉದ್ದೇಶ ಎಂದು ಇನ್ನೊಂದು ಖಾನೆ ಇತ್ತು. ಅರ್ಜಿ ಜೇಬಿನಲ್ಲೇ ಇತ್ತು, ಮಡಿಕೆಗಳಲ್ಲಿ ಸೀಳತೊಡಗಿತ್ತು. ಉದ್ದೇಶದ ಖಾನೆಯಲ್ಲಿ ಅವನು ಪೆನ್ಸಿಲಿನಲ್ಲಿ ಏನೇನೋ ಬರೆದು ಅಳಿಸಿ ಕಾಗದ ತೆಳ್ಳಗಾಗಿತ್ತು.

ಲೇತಿನ ಯಜಮಾನರಿಗೆ ಅರವತ್ತು ದಾಟಿತ್ತು, ಒಂದು ಕಿವಿಯ ಮೇಲೆ ಪೆನ್ಸಿಲು, ಇನ್ನೊಂದು ಕಿವಿಯೊಳಗೆ ಹತ್ತಿ. ಅವನನ್ನು ಕಂಡು ಯಂತ್ರ ನಿಲ್ಲಿಸಿ, ಕೈ ಒರಸಿಕೊಂಡು, ಬನ್ನಿ ಸಾರ್ ಎಂದು ಬ್ಲಾಕಿನ ಹತ್ತಿರ ಕರೆದರು. ಅದನ್ನು ತೊಳೆದು ಇಟ್ಟಿದ್ದರು. ತೊಳೆದ ಕಬ್ಬಿಣ ಅಷ್ಟು ಶುಭ್ರವಾಗಿರಬಹುದೆಂದು ಅವನಿಗೆ ಗೊತ್ತಿರಲಿಲ್ಲ, ಮೀಯಿಸಿದ ಮುದುಕನ ಹಾಗೆ ಬರಿಮೈಯಲ್ಲಿ ಸುಮ್ಮನೆ ಕೂತಿತ್ತು. ಅವರು ಒಂದು ಕೊಳವೆಯೊಳಗೆ ಅಳತೆಕೋಲು ಇಳಿಸಿ, ಮುಳ್ಳು ತೋರಿಸಿ, ಎರಡನೆಯದಕ್ಕೆ ಇಳಿಸಿ, ನಾಲ್ಕನ್ನೂ ತೋರಿಸಿದರು. ಮುಳ್ಳು ಎಲ್ಲೂ ಅಲುಗಲಿಲ್ಲ, ಅಂದರೆ ಸವೆತ ಎಲ್ಲೂ ಇಲ್ಲ.

"ಸಾರ್, ಈ ಎಂಜಿನ್ ಸವೆದಿದೆ ಅಂತ ನಿಮಗೆ ಯಾರು ಹೇಳಿದ್ದು?"

ನಾನೇ ಪರೀಕ್ಷೆ ಮಾಡಿದೆ ಎಂದ. ಒತ್ತಡ ಎಷ್ಟು ಬಂತು ಎಂದು ಕೇಳಿದರು. ಹೇಳಿದ. ನಾಲ್ಕರಲ್ಲೂ ಅಷ್ಟೇನಾ ಎಂದರು. ನಾಲ್ಕೂ ಒಂದೇ ಸಮ ಕಮ್ಮಿ ಎಂದ. ಯಜಮಾನರು ಕಿವಿಯ ಮೇಲಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಇಟ್ಟರು.

"ಮನೇಲಿ ನಾಲ್ಕು ಮಕ್ಕಳಿಗೂ ಒಂದೇ ದಿನ, ಒಂದೇ ಡಿಗ್ರಿ ಜ್ವರ ತೋರಿಸಿದ್ರೆ ಮಕ್ಕಳಿಗೆ ಔಷಧಿ ಕುಡಿಸ್ತೀರೋ, ಥರ್ಮಾಮೀಟರ್ ನೋಡ್ಕೋತೀರೋ? ಮೀಟರ್ ಹಾಕಿದಾಗ ಆಕ್ಸಿಲರೇಟರ್ ಪೂರ್ತಿ ತುಳಿದು ಕೂತಿದ್ದೋರು ಯಾರು?"

"ನಮ್ಮ ಮನೆಯವರು," ಎಂದುಬಿಟ್ಟ ಅವನು.

ಮಾತು ಅಷ್ಟು ಸರಾಗವಾಗಿ ಬಂತು, ಸ್ವತಃ ಅವನಿಗೇ ಒಂದು ಕ್ಷಣ ನಿಜವೆನ್ನಿಸಿತು. ಹಾಗಾದ್ರೆ ಅವರು ಅರ್ಧ ತುಳಿದಿರ್ತಾರೆ ಬಿಡಿ, ಪಾಪ, ಅವರಿಗೇನು ಗೊತ್ತಾಗುತ್ತೆ, ಗಾಳಿಯ ಬಾಗಿಲು ತೆರೀಲಿಲ್ಲ ಅಂದ್ರೆ ಎಂಜಿನ್ ಉಸಿರೆಲ್ಲಿ ಎಳ್ಕೊಳ್ಳುತ್ತೆ ಎಂದರು ಯಜಮಾನರು, ಮತ್ತು ಅವನು ತಲೆಯಾಡಿಸಿದ. ತಲೆಯಾಡಿಸುತ್ತಿರುವಾಗಲೇ ಆ ದಿನ ಇಡಿಯಾಗಿ ಕಣ್ಣಿಗೆ ಬಂತು. ಚಪ್ಪರದ ಕೆಳಗೆ ಅವನೊಬ್ಬನೇ, ಪ್ಲಗ್ಗಿನ ತೂತಿಗೆ ಮೀಟರು ತಿರುಗಿಸಿ, ಕಿಟಕಿಯಿಂದ ಕೈ ತೂರಿಸಿ ಬೀಗದ ಕೈ ತಿರುಗಿಸುತ್ತಿದ್ದ. ಹೆಂಡತಿ ಒದ್ದೆ ಕೈ ಒರಸಿಕೊಳ್ಳುತ್ತ ಬಂದು, ನಾನು ಒಳಗೆ ಕೂತು ಏನಾದರೂ ತುಳೀಲಾ ರೀ ಎಂದು ಕೇಳಿದ್ದಳು. ಇದು ನಿನಗೆ ತಿಳಿಯೋ ವಿಷಯ ಅಲ್ಲ, ಹೋಗು ಎಂದಿದ್ದ. ಅವಳು ಹೋದಳು. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಎರಡನೆಯದೂ ಅರ್ಧಕ್ಕೇ. ನಾಲ್ಕನೆಯದನ್ನು ನೋಡಿದಾಗ ಅವನಿಗೆ ಆದದ್ದು ದುಃಖವಲ್ಲ. ಬೇರೆ ಯಾರಿಗೂ ಹೇಳದಿದ್ದರೂ ತನಗೆ ತಾನು ಹೇಳಿಕೊಳ್ಳಬೇಕಾದರೆ, ಸಂತೋಷವಾಗಿತ್ತು. ಎಂಜಿನ್ನು ಚೆನ್ನಾಗಿದ್ದರೆ ಅಕ್ಕ ಹೇಳಿದ ಹಾಗೆ ಓಡಿಸಬೇಕು, ಅಷ್ಟೇ. ಕೆಟ್ಟಿದ್ದರೆ ಬಿಚ್ಚಬಹುದು. ಹಾಳಾದದ್ದನ್ನು ಏನು ಮಾಡಿದರೂ ಉದ್ಧಾರವೇ. ಮೀಟರು ಸುಳ್ಳು ಹೇಳುವುದಿಲ್ಲಮ್ಮ. ಅದೇ ಸಂಜೆ ಅಕ್ಕನಿಗೆ ಎರಡು ಪುಟ ಬರೆದ. ಅವಳಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ, ಏನಿದ್ದರೂ ಕಾಗದವೇ. ಎಂಜಿನ್ನು ಒಳಗೆ ಪೂರಾ ಸವೆದಿದೆ, ಸರಿಯಾಗಿ ನೋಡಿಕೊಂಡಿಲ್ಲ, ಕೊನೆಗೊನೆಗೆ ಯಾರೋ ಸಣ್ಣ ಗೇರಿನಲ್ಲೇ ಅರಚಿಸಿ ಓಡಿಸಿದ ಹಾಗಿದೆ ಎಂದು. ಸಣ್ಣ ಗೇರಿನ ಮಾತನ್ನು ಒತ್ತಡದ ಮೀಟರು ಹೇಳುವುದಿಲ್ಲ. ಅದನ್ನು ಅವನೇ ಸೇರಿಸಿದ್ದ, ಕಾಗದ ಭಾರ ಬರಲಿ ಅಂತ.

ಎಂಟು ದಿನಕ್ಕೆ ಉತ್ತರ ಬಂದಿತ್ತು. "ಕೊನೆಯ ಹದಿನಾಲ್ಕು ತಿಂಗಳು ಓಡಿಸಿದ್ದು ನಾನು. ಅವರು ಪಕ್ಕದಲ್ಲಿ ಕೂತು ಹೇಳಿದ ಹಾಗೆ ಮಾಡಿದೆ ಅಂದುಕೊಂಡಿದ್ದೆ. ಹಾಳು ಮಾಡಿದ್ದು ನಾನಾ? ಒಂದು ಸಾಲು ಬರೆ. ಹೌದು ಅಂದರೂ ಪರವಾಗಿಲ್ಲ, ಗೊತ್ತಿರಬೇಕು ಅಷ್ಟೇ." ಹನ್ನೊಂದು ತಿಂಗಳಾಗಿತ್ತು. ಆ ಒಂದು ಸಾಲಿಗೆ ಅವನು ಹಲವು ಸಲ ಕೂತಿದ್ದ. ಪ್ರತಿ ಸಲವೂ ಉತ್ತರ ಟರ್ಬೊಗಳ ಚರಿತ್ರೆಯಿಂದ ಶುರುವಾಗಿ ಇಂಟರ್‌ಕೂಲರಿನ ತನಕ ಬಂದು ನಿಲ್ಲುತ್ತಿತ್ತು. ಹಬೆಗೆ ಬರೆದ ಐದನೆಯ ಹಂತ ಹೀಗಿತ್ತು: ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿಯತಕ್ಕದ್ದು, ಇಲ್ಲವಾದರೆ ಒಳ್ಳೆಯ ಎಂಜಿನ್ನೂ ಸವೆದ ಹಾಗೆ ತೋರುತ್ತದೆ. ಬರೆದವನು ಅವನೇ. ಊರಿಗೆಲ್ಲ ಉಪದೇಶ, ಮನೆಯಲ್ಲಿ ಮೌನ.

ಯಜಮಾನರು ದೀಪವನ್ನು ಕೊಳವೆಯ ಹತ್ತಿರ ಹಿಡಿದು, ಒಳಗೆ ನೋಡಿ ಎಂದರು. ಗೋಡೆಯ ಮೇಲೆ ಅಡ್ಡಡ್ಡ ಗೆರೆಗಳು, ಜರಡಿಯ ಹೆಣಿಗೆಯ ಹಾಗೆ. ಅದು ಕಾರ್ಖಾನೆಯಲ್ಲಿ ಹೊಸದಾಗಿ ಹಾಕಿದ ಗೀರು, ಎಣ್ಣೆ ನಿಲ್ಲಲಿ ಅಂತ ಹಾಕುವುದು, ಕೆಟ್ಟದಾಗಿ ಓಡಿಸಿದ್ದರೆ ಮೊದಲು ಮಾಯವಾಗುವುದು ಅದೇ, ಹದಿನಾಲ್ಕು ವರ್ಷದ ಎಂಜಿನ್ನಿನಲ್ಲಿ ಹೀಗೆ ಇರುವುದನ್ನು ನಾನು ಬೆರಳಲ್ಲಿ ಎಣಿಸುವಷ್ಟು ಸಲ ನೋಡಿದ್ದೀನಿ, ಯಾರೋ ಪುಣ್ಯಾತ್ಮರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಎಂದರು. ಆಮೇಲೆ ಕಸುಬಿನವರ ದನಿಗೆ ಬಂದು, ಆದರೆ ನಿಮಗೆ ದೊಡ್ಡ ಟರ್ಬೊ, ದೊಡ್ಡ ಪಿಸ್ಟನ್ನೇ ಬೇಕು ಅಂದರೆ ತೋಡಲೇಬೇಕು, ಸಣ್ಣ ಟರ್ಬೊ ಮೆಲ್ಲಗೆ ಇಟ್ಟುಕೊಂಡರೆ ಈ ಒಡಲೇ ಸಾಕು, ಏನೂ ಹಾಕದೆ ಹೀಗೇ ಜೋಡಿಸಿದರೆ ಇನ್ನೂ ಹದಿನಾಲ್ಕು ವರ್ಷ ಓಡುತ್ತೆ. ನೀವು ಎಲ್ಲಿ ಓಡಿಸೋದು ಸಾರ್ ಅಂತ ಕೇಳಿದರು. ಹನ್ನೊಂದು ಉಬ್ಬುಗಳು ಅವನ ನಾಲಿಗೆಯ ತುದಿಗೆ ಬಂದು ನಿಂತವು.

ತೋಡಿದರೆ ಅರ್ಧ ಗಂಟೆಯ ಕೆಲಸ. ಗೆರೆಗಳು ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತವೆ. ಆಮೇಲೆ ಯಾರು ಬಂದು ದೀಪ ಹಿಡಿದರೂ ಭಾವನ ಎಂಜಿನ್ನು ಸವೆದಿತ್ತೋ ಇಲ್ಲವೋ ಹೇಳಲಾರರು. ಅವನು ಬರೆದ ಎರಡು ಪುಟ ಹಾಗೇ ನಿಜವಾಗಿ ಉಳಿಯುತ್ತದೆ, ಅಕ್ಕನಿಗೆ ಒಂದು ಸಾಲು, ಆದದ್ದಾಯಿತು ಬಿಡು ಅಕ್ಕ ಎಂದು ಬರೆದರೆ ದೊಡ್ಡ ಮನಸ್ಸಿನವನೂ ಆಗುತ್ತಾನೆ. ಅರ್ಜಿಯ ಖಾನೆಗಳೂ ತುಂಬುತ್ತವೆ. ಯಜಮಾನರು ಕಾಯುತ್ತಿದ್ದರು, ಅವಸರ ಮಾಡದೆ. ಪಕ್ಕದ ಅಂಗಡಿಯಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದರು. ತೋಡಿಬಿಡಿ ಎನ್ನಲು ಬಾಯಿ ತೆರೆದ. ಆದರೆ ಕೈ ಅದಕ್ಕೆ ಮೊದಲೇ ಕೊಳವೆಯೊಳಗೆ ಇಳಿದಿತ್ತು. ಬೆರಳ ತುದಿಗೆ ಗೆರೆಗಳು ಸಿಕ್ಕವು, ಕಂಡೂ ಕಾಣದಷ್ಟು ಸಣ್ಣಗೆ, ಬೆಕ್ಕಿನ ನಾಲಿಗೆಯಷ್ಟು ತರಿ. ಗೇರು ಈಗ ಚೆನ್ನಾಗಿ ಹಾಕುತ್ತೀಯ ಅಂದರು. ಹದಿನಾಲ್ಕು ತಿಂಗಳು ಆಸ್ಪತ್ರೆಗೆ ಹೋಗುತ್ತ ಬರುತ್ತ ಒಬ್ಬ ಹೆಂಗಸು ಈ ಗೆರೆಗಳನ್ನು ಉಳಿಸಿದ್ದಾಳೆ, ತನಗೆ ಗೊತ್ತಿಲ್ಲದೆ.

"ಯಾರೂ ತುಳಿದಿರಲಿಲ್ಲ," ಎಂದ ಅವನು, ಬ್ಲಾಕಿನ ಕಡೆ ನೋಡುತ್ತ. "ನಮ್ಮ ಮನೆಯವರು ಕೇಳಿದ್ದರು, ನಾನೇ ಬೇಡ ಅಂದೆ. ಒಬ್ಬನೇ ಇದ್ದೆ."

ಯಜಮಾನರಿಗೆ ಅದು ಅಂಥ ದೊಡ್ಡ ಸುದ್ದಿಯಾಗಿ ಕಾಣಲಿಲ್ಲ. ಹೋಗ್ಲಿ ಬಿಡಿ, ಅದಕ್ಕೆ ಇಬ್ಬರು ಬೇಕು ಸಾರ್ ಎಂದು ಕೈ ಒರಸಿಕೊಂಡರು. ಲೋಕವೇ ಬೀಳುತ್ತದೆಂದು ಏಳು ತಿಂಗಳು ಹಿಡಿದುಕೊಂಡಿದ್ದ ಮಾತು, ಎಣ್ಣೆ ನೆಲದ ಮೇಲೆ ಬಿದ್ದು ಸಿಪ್ಪೆಯ ಜೊತೆ ಸೇರಿತು. ಇಷ್ಟೇನಾ ಎಂದು ಅವನಿಗೆ ಸ್ವಲ್ಪ ಅವಮಾನವೇ ಆಯಿತು. ತೋಡಬೇಡಿ, ಹಾಗೇ ಇರಲಿ, ಜೋಡಿಸಿ ಎಂದ. ಟರ್ಬೊ ಎಂದರು ಯಜಮಾನರು. ಆಮೇಲೆ ಹೇಳುತ್ತೇನೆ ಎಂದ. ಆ ಮಾತು ಅವನಿಗೆ ಹೊಸದೇನಲ್ಲ.

ಮನೆಗೆ ಬಂದಾಗ ಹೆಂಡತಿ ಅಂಗಡಿಯಿಂದ ಆಗಲೇ ಬಂದು ತರಕಾರಿ ಹೆಚ್ಚುತ್ತಿದ್ದಳು. ಅವನು ಡ್ರಾಯರು ಎಳೆದು, ಟರ್ಬೊ ಕಾಗದಗಳನ್ನೆಲ್ಲ ಹೊರಗಿಟ್ಟು, ಮೂಲೆ ಸೇರಿದ್ದ ಅಕ್ಕನ ಕಾಗದ ತೆಗೆದು ಮುಂದಿಟ್ಟುಕೊಂಡ. ಬರೆಯಲು ಕೂತರೆ ಮೇಜು ಕುಂಟುತ್ತಿತ್ತು, ಎಷ್ಟೋ ವರ್ಷದಿಂದ ಕುಂಟುತ್ತಿದ್ದದ್ದೇ. ಜೇಬಿನ ಅರ್ಜಿಯನ್ನು ಇನ್ನೆರಡು ಮಡಿಕೆ ಮಡಚಿ ಕಾಲಿನ ಅಡಿಗೆ ತುರುಕಿದ. ಬಗ್ಗಿದಾಗ ಹೆಂಡತಿಯ ಹಿಮ್ಮಡಿ ಕಂಡಿತು, ಅವಳು ನಿಂತೇ ಹೆಚ್ಚುತ್ತಿದ್ದಳು, ಇದ್ದ ಒಂದು ಸ್ಟೂಲಿನ ಮೇಲೆ ಇಂಜೆಕ್ಟರಿನ ಪೆಟ್ಟಿಗೆ. ಅದನ್ನು ಎತ್ತಿ ಚಪ್ಪರದಲ್ಲಿ ಇಟ್ಟು ಬಂದ. ಅವಳು ಸ್ಟೂಲು ಎಳೆದುಕೊಂಡು ಕೂತಳು.

ಭಾವನ ಪುಸ್ತಕದ ಪಕ್ಕದಲ್ಲಿ ಬರೆಯುವಾಗ ಅಕ್ಷರ ತಾನಾಗಿ ಸಣ್ಣಗಾಯಿತು. ಅಕ್ಕನಿಗೆ, ಎಂದು ಬರೆದ. ಅಭ್ಯಾಸಬಲದಿಂದ ಎರಡನೆಯ ಸಾಲು ಒತ್ತಡದ ಮೀಟರಿನ ವಿಷಯಕ್ಕೆ ಹೊರಟಿತು, ಹೊಡೆದುಹಾಕಿದ. ಆಮೇಲೆ ಬರೆದದ್ದು ಇಷ್ಟು.

"ನೀನು ಹಾಳು ಮಾಡಲಿಲ್ಲ. ಭಾವನೂ ಮಾಡಲಿಲ್ಲ. ಎಂಜಿನ್ನು ಹೊಸದರ ಹಾಗಿದೆ, ಇವತ್ತು ಬೆರಳಿಟ್ಟು ನೋಡಿದೆ. ನಾನು ಪರೀಕ್ಷೆ ಮಾಡಿದ್ದೇ ತಪ್ಪು. ಆಕ್ಸಿಲರೇಟರ್ ತುಳಿದು ಹಿಡಿಯಬೇಕಿತ್ತು, ಹಿಡಿದಿರಲಿಲ್ಲ. ಅದು ತಪ್ಪು ಅಂತ ಏಳು ತಿಂಗಳಿಂದ ನನಗೆ ಗೊತ್ತು. ಸಣ್ಣ ಗೇರಿನ ಮಾತು ನಾನೇ ಕಟ್ಟಿದ್ದು. ಎಂಜಿನ್ನು ಬಿಚ್ಚಿ ಹಾಕಿದ್ದೇನೆ, ಜೋಡಿಸಲು ಇನ್ನೂ ಸ್ವಲ್ಪ ದಿನ ಬೇಕು. ಜೋಡಿಸಿದ ಮೇಲೆ ಮತ್ತೆ ಪರೀಕ್ಷೆ ಮಾಡಬೇಕು, ಅದಕ್ಕೆ ಒಬ್ಬರು ಒಳಗೆ ಕೂತು ತುಳಿಯಬೇಕು. ನೀನು ಬಂದು ತುಳಿ. ನಾನು ಮೀಟರು ಓದುತ್ತೇನೆ. ನಿನಗೆ ಕೇಳುವ ಹಾಗೆ ಜೋರಾಗಿ ಓದುತ್ತೇನೆ."

ಟರ್ಬೊದ ವಿಷಯ ಬರೆಯಲಿಲ್ಲ. ಸಣ್ಣದೊಂದನ್ನು ಮೆಲ್ಲಗೆ ಇಟ್ಟುಕೊಂಡರೆ ಈ ಒಡಲೇ ಸಾಕು ಎಂದ ಯಜಮಾನರ ಮಾತು ತಲೆಯಲ್ಲಿ ಒಂದು ಕಡೆ ಶಿಳ್ಳೆ ಹಾಕುತ್ತಲೇ ಇತ್ತು. ಅದು ಇನ್ನೊಂದು ಕಾಗದ, ಅದನ್ನು ಅಕ್ಕನನ್ನು ಕೇಳಿ ಬರೆಯಬೇಕು ಅನ್ನಿಸಿ ಅವನಿಗೇ ಆಶ್ಚರ್ಯವಾಯಿತು.

ಹೆಂಡತಿಗೆ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು, ನಿಧಾನವಾಗಿ ಓದಿದಳು. ಮಡಚಿ ವಾಪಸು ಕೊಡುವಾಗ ಅವನ ಮುಖ ನೋಡಲಿಲ್ಲ.

"ತುಳೀಲಾ ಅಂತ ಅವತ್ತು ನಾನು ಕೇಳಿದ್ದೆ."

"ಕೇಳಿದ್ದೆ," ಎಂದ ಅವನು. ಲೇತಿನ ಅಂಗಡಿಯಲ್ಲಿ ಮೊದಲು ತಪ್ಪನ್ನು ನಿನ್ನ ಮೇಲೆ ಹಾಕಿದ್ದೆ ಎಂಬುದನ್ನೂ ಹೇಳಿದ. ಅವಳು ಚಾಕು ಕೆಳಗಿಟ್ಟು, ಎಷ್ಟು ತುಳಿದೆ ಅಂತ ಹೇಳಿದಿರಿ ಎಂದು ಕೇಳಿದಳು. ಅರ್ಧ ಅಂತ ಅವರೇ ಅಂದುಕೊಂಡರು ಎಂದ. ನಾನು ತುಳಿದಿದ್ದರೆ ಪೂರ್ತಿ ತುಳಿದಿರುತ್ತಿದ್ದೆ ಎಂದಳು ಅವಳು, ಮತ್ತೆ ಚಾಕು ಎತ್ತಿಕೊಂಡು. ಸ್ಟಾಂಪು ಕನ್ನಡಿಯ ಹಿಂದೆ ಇದೆ, ನಾಲ್ಕು ಗಂಟೆಗೆ ಪೆಟ್ಟಿಗೆ ತೆಗೀತಾರೆ, ಇವತ್ತು ತಪ್ಪಿದರೆ ಸೋಮವಾರ ಎಂದಳು. ಸೋಮವಾರ ಎನ್ನುವಾಗ ಅವನ ಕಡೆ ನೋಡಿದಳು. ಸೋಮವಾರ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮೂಲೆಯ ಅಂಚೆ ಪೆಟ್ಟಿಗೆಯ ಮುಂದೆ ನಿಂತಾಗ ನಾಲ್ಕಕ್ಕೆ ಎರಡು ನಿಮಿಷ. ಕೈಯಲ್ಲಿ ಲಕೋಟೆ. ಪೆಟ್ಟಿಗೆಯ ಬಾಯಿಯವರೆಗೆ ಕೈ ಹೋಯಿತು, ಅಲ್ಲೇ ನಿಂತಿತು. ಕಾಗದದಲ್ಲಿ ಏಳು ತಿಂಗಳು ಎಂದು ಬರೆದದ್ದು ಅಗತ್ಯವಿತ್ತೇ, ಈಚೆಗೆ ಗೊತ್ತಾಯಿತು ಎಂದಿದ್ದರೆ ಸಾಕಿತ್ತೇನೋ, ಬಿಚ್ಚಿ ಒಂದು ಪದ ತಿದ್ದಿದರೆ ಅವಳಿಗೂ ಕಡಿಮೆ ನೋವು, ಅವಳ ಸಲುವಾಗಿಯೇ. ಹೀಗೆ ಯೋಚಿಸುತ್ತ ನಿಂತವನ ಪಕ್ಕ ಒಂದು ಸೈಕಲ್ಲು ಬಂದು ನಿಂತಿತು. ಅಂಚೆಯ ಹೆಂಗಸು ಬೀಗ ತೆಗೆದು, ಒಳಗಿದ್ದ ನಾಲ್ಕಾರು ಕಾಗದಗಳನ್ನು ಚೀಲಕ್ಕೆ ಬಾಚಿ, ಚೀಲದ ಬಾಯಿ ತೆರೆದು ಹಿಡಿದೇ ಅವನನ್ನು ನೋಡಿದಳು.

"ಹಾಕ್ತೀರಾ ಸಾರ್, ಇಲ್ಲ ಇನ್ನೂ 'ನೋಡೋಣ' ಅಂತ ಇದೀರಾ?"

ಅವನು ಕೊಟ್ಟ. ಅವಳು ಲಕೋಟೆಯನ್ನು ಅಂಗೈಯಲ್ಲಿ ಒಮ್ಮೆ ತೂಗಿ, ಮೂಲೆಯಲ್ಲಿ ಅಂಟಿಸಿದ್ದ ಎರಡು ಸ್ಟಾಂಪು ನೋಡಿ ನಕ್ಕಳು. ಒಂದೇ ಸಾಕಿತ್ತಲ್ಲ, ಒಳಗೆ ಒಂದೇ ಹಾಳೆ ಎಂದಳು.

"ಇರಲಿ ಅಂತ," ಎಂದ ಅವನು.

ಅವಳು ಅದನ್ನು ಉಳಿದವುಗಳ ಜೊತೆ ಹಾಕಿ, ಚೀಲದ ಬಾಯಿ ಕಟ್ಟಿ, ಸೈಕಲ್ಲು ಹತ್ತಿದಳು. ಬೀದಿಯ ಮೊದಲ ಉಬ್ಬಿನ ಮೇಲೆ ಚೀಲ ಒಮ್ಮೆ ಎಗರಿ ಕೂತಿತು, ಆಮೇಲೆ ತಿರುವಿನಲ್ಲಿ ಮರೆಯಾಯಿತು.